ಖಾಲಿ ಹೋಗದ ತಾಟು

ಶಹಾಬಾದಿನಲ್ಲಿ ಚಂದಾ ಕೇಳುವವರಿಗೇನೂ ಬರವಿಲ್ಲ. ಗಣಪತಿಗೆ ಬರುತ್ತಾರೆ, ಉರುಸಿಗೆ ಬರುತ್ತಾರೆ, ಕ್ರಿಕೆಟ್ ಟೂರ್ನಮೆಂಟಿಗೆ ಬರುತ್ತಾರೆ. ರಸೀದಿ ಪುಸ್ತಕ ದೂರದಿಂದ ಕಂಡರೆ ಸಾಕು, ಅಂಗಡಿಯವರು ದುಡ್ಡಿನ ಗಲ್ಲೆ ಮುಚ್ಚಿ ಹಿಂದಿನ ಬಾಗಿಲಿನಿಂದ ಜಾಗ ಖಾಲಿ ಮಾಡುತ್ತಾರೆ. ಆದರೆ ಜಗದೇವಿ ಬಂದಳೆಂದರೆ ಅದೇ ಅಂಗಡಿಯವರು ಕುರ್ಚಿ ಒರೆಸುತ್ತಿದ್ದರು, ಚಹಾ ತರಿಸುತ್ತಿದ್ದರು, “ಯಾಕಕ್ಕಾ, ಈ ಸಲ ತಡ ಆಯ್ತು?” ಎಂದು ತಾವೇ ಕೇಳುತ್ತಿದ್ದರು. ಕೊಡುವವನ ಬಾಯಿಂದಲೇ ಹೀಗೆ ಕೇಳಿಸುವ ವಿದ್ಯೆ ಎಲ್ಲರಿಗೂ ಒಲಿಯುವಂಥದ್ದಲ್ಲ ಬಿಡಿ.

ಜಗದೇವಿ ಕಾಗಿಣಾ ನಾಟ್ಯ ಸಂಘದ ಯಜಮಾನಿ. ಹರೆಯದಲ್ಲಿ ರಾಣಿಯ ಪಾತ್ರ, ನಡುವಯಸ್ಸಿನಲ್ಲಿ ರಾಣಿಯ ತಾಯಿಯ ಪಾತ್ರ, ಈಗ ಪರದೆಯ ಹಿಂದೆ ನಿಂತು ಮಾತು ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ. ವರ್ಷಕ್ಕೊಂದು ನಾಟಕ. ಟಿಕೆಟ್ಟಿಲ್ಲ, ಲಾಭವಿಲ್ಲ. ಊರೇ ದುಡ್ಡು ಹಾಕಿ ಊರೇ ನೋಡುವ ನಾಟಕ. ವಾಡಿಯಿಂದ ರೈಲು ಹತ್ತಿ ಬರುತ್ತಾರೆ, ಚಿತ್ತಾಪುರದಿಂದ ಜೀಪು ಮಾಡಿಕೊಂಡು ಬರುತ್ತಾರೆ, ಬಂದವರು ಬುತ್ತಿ ಬಿಚ್ಚಿ ಉಂಡು ಕೂರುತ್ತಾರೆ.

ಈ ಸಂಘಕ್ಕೊಂದು ಕಿರೀಟವಿದೆ, ಕಥೆ ಇರುವುದೇ ಅದರಲ್ಲಿ. ಬಹಳ ಹಿಂದೆ ಊರಿಗೊಂದು ನಾಟಕ ಕಂಪನಿ ಬಂದಿತ್ತಂತೆ. ಎಡೆಬಿಡದ ಮಳೆಗೆ ಅದು ದಿವಾಳಿಯಾಗಿ, ಮಾಲೀಕ ಕಿರೀಟವನ್ನು ಅಡವಿಟ್ಟು ಊರು ಬಿಟ್ಟ. ಕಲ್ಲಿನ ವ್ಯಾಪಾರಿ ಅಬ್ದುಲ್ ಮಜೀದ ಸಾಹೇಬರ ತಂದೆ ಅದನ್ನು ಬಿಡಿಸಿಕೊಂಡು ಬಂದು, ನಾಟಕದ ಹುಚ್ಚು ಹಿಡಿದಿದ್ದ ಊರ ಹುಡುಗರನ್ನು ಕರೆದರು. “ಕಿರೀಟ ನಮ್ಮ ಮನ್ಯಾಗ ಇರ್ತದ. ವರ್ಷಕ್ಕೊಮ್ಮೆ ಬಂದು ಕೇಳ್ರಿ, ಕೊಡ್ತೀನಿ. ಕೇಳದೆ ಸಿಕ್ಕಿದ್ದಕ್ಕ ಕಿಮ್ಮತ್ತು ಇರಂಗಿಲ್ಲ. ಮತ್ತೊಂದು ಮಾತು, ಈ ಮನಿಯಿಂದ ಕಿರೀಟ ಖಾಲಿ ತಾಟಿನಾಗ ಹೊರಗ ಹೋಗಂಗಿಲ್ಲ,” ಎಂದರು. ಅಂದಿನಿಂದ ಆ ಮನೆಯ ಕಪಾಟಿನಲ್ಲೇ ಕಿರೀಟದ ವಾಸ. ನಾಟಕದ ಮುಂಚೆ ಸಂಘದವರು ಹೋಗಿ ಬಾಗಿಲಲ್ಲಿ ನಿಲ್ಲಬೇಕು, ಸಾಹೇಬರು ಹಿತ್ತಾಳೆಯ ತಾಟಿನಲ್ಲಿ ಕಿರೀಟವಿಟ್ಟು, ಅದರ ಕೆಳಗೆ ತಮ್ಮ ಮನೆಯ ಕಾಣಿಕೆ ಇಟ್ಟು, ಮೇಲೊಂದು ಬಟ್ಟೆ ಹೊದಿಸಿ ಕೊಡಬೇಕು. ಆಮೇಲೆ ಅದೇ ತಾಟು ಹಿಡಿದು ಬಜಾರಕ್ಕೆ ಹೋಗುವುದು. ಸಾಹೇಬರು ಎಷ್ಟು ಹಾಕಿದರು ಎಂದು ಬಜಾರದಲ್ಲಿ ಯಾರೂ ಕೇಳುತ್ತಿರಲಿಲ್ಲ, ಅದು ನಾಟಕದ ದಿನ ತಾನೇ ತಿಳಿಯುತ್ತಿತ್ತು. “ಸಾಹೇಬ್ರು ಹಾಕ್ಯಾರಿಲ್ಲೋ?” ಎಂದಷ್ಟೇ ಕೇಳುತ್ತಿದ್ದರು. ಹಾಕ್ಯಾರೆಂದರೆ ಮುಗಿಯಿತು, ಇಡೀ ಬಜಾರದ ಕೈ ಸಡಿಲಾಗುತ್ತಿತ್ತು.

ಆದರೆ ಕಾಲ ಕೆಟ್ಟಿತ್ತು. ಜನ ಮನೆಗೆ ಶಹಾಬಾದಿ ಫರ್ಸಿಕಲ್ಲು ಹಾಸುವುದು ಬಿಟ್ಟು ಥಳಥಳ ಹೊಳೆಯುವ ಟೈಲ್ಸ್ ಹಾಸತೊಡಗಿದ್ದರು. ಶಹಾಬಾದಿನವರೇ ಹಾಸುತ್ತಿದ್ದರು, ಇನ್ನಾರಿಗೆ ಹೇಳೋಣ! ಸಾಹೇಬರ ಅಂಗಳದಲ್ಲಿ ಕೊಳ್ಳುವವರಿಲ್ಲದ ಫರ್ಸಿ ಗೋಡೆಗೆ ಒರಗಿ ನಿಂತಿತ್ತು, ನಡುವೆ ಹುಲ್ಲು ಬೆಳೆದಿತ್ತು. ಕಡೆಗೆ ಸಾಹೇಬರು ಪಾಲಿಶ್ ಮಷೀನುಗಳನ್ನು ಸೇಡಂನವರೊಬ್ಬರಿಗೆ ಮಾರಿದರು. ಲಾರಿ ಬಜಾರದ ನಡುವೆಯೇ ಹಾದುಹೋದಾಗ ಅಂಗಡಿಯವರು ಎದ್ದು ನಿಂತು ನೋಡಿದರು.

ಇತ್ತ ಸಂಘದ ಪಾಡೂ ಅಷ್ಟೇ. ಸರ್ಕಾರದ ಅನುದಾನ ಬರುತ್ತದೆ ಬರುತ್ತದೆ ಎಂದು ಬಾರದೆ ಹೋಗಿ, ಹೋದ ವರ್ಷ ನಾಟಕವೇ ಆಗಿರಲಿಲ್ಲ. ಈ ವರ್ಷವೂ ಪರದೆ ಏಳದಿದ್ದರೆ ಸಂಘ ಮುಚ್ಚಿದ ಹಾಗೆಯೇ ಎಂದು ಎಲ್ಲರಿಗೂ ಗೊತ್ತಿತ್ತು. ಹುಡುಗರ ಹುಮ್ಮಸ್ಸು ಒಮ್ಮೆ ಆರಿದರೆ ಮತ್ತೆ ಹೊತ್ತಿಸುವುದು ಯಾರ ಕೈಯಲ್ಲೂ ಆಗುವುದಿಲ್ಲ.

ಸಂಘದ ಕೋಣೆಯಲ್ಲಿ ಕೂತಾಗ ಮಾತು ತೆಗೆದವನು ಗೊಲ್ಲಾಳಪ್ಪ. ಆದಿತ್ಯನಗರದ ಸಿಮೆಂಟು ಫ್ಯಾಕ್ಟರಿಯಲ್ಲಿ ಫಿಟ್ಟರ್, ಸಂಘದ ಕಾರ್ಯದರ್ಶಿ, ಸಾಲದ್ದಕ್ಕೆ ನಾಟಕದ ರಾಜ. ಮೂಗಿನ ತುದಿಯಲ್ಲೇ ಸಿಟ್ಟು, ಆದರೆ ಒಳಗೆ ಬೆಣ್ಣೆ.

“ಅಕ್ಕಾ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ವರ್ಷ ಸಾಹೇಬ್ರ ಮನಿಗಿ ಹೋಗೋದು ಬ್ಯಾಡ.”

“ಯಾಕೋ? ತಲಿ ಕೆಟ್ಟದೇನು ನಿಂದು?”

“ನಾವು ಹೋಗಿ ಬಾಗಿಲದಾಗ ನಿಂತ್ರ ಅವರು ಖಾಲಿ ತಾಟು ಕಳಸ್ತಾರೇನ್ರಿ? ಇಲ್ಲ ಅಂತ ಅನ್ನೋ ಮನಷ್ಯಾ ಅಲ್ಲ ಅವರು. ಬೇಗಂ ಅವರ ಕೈಯಾಗಿನ ಬಳಿ ತಗದು ಇಡ್ತಾರ. ಆ ಪಾಪ ನಮಗ್ಯಾಕ ಬೇಕು? ಕಲಬುರ್ಗ್ಯಾಗ ಡ್ರೆಸ್ ಅಂಗಡ್ಯಾಗ ಕಿರೀಟ ಬಾಡಿಗಿಗಿ ಸಿಗ್ತದ. ಅದನ್ನೇ ತಾಟಿನಾಗ ಇಟ್ಕೊಂಡು ಸೀದಾ ಬಜಾರಕ್ಕ ಹೋಗಮ್.”

ಸಾಹೇಬರ ಹೆಂಡತಿ ಅಖ್ತರ ಬೇಗಂ ಅವರ ಬಡಕಲು ಕೈ, ಆ ಕೈಯಲ್ಲಿ ಆಡುವ ಸಡಿಲ ಬಳೆ ಜಗದೇವಿಯ ಕಣ್ಣ ಮುಂದೆ ಬಂದವು. “ಆಗ್ಲಿ,” ಎಂದುಬಿಟ್ಟಳು. ಇದು ಕೆಟ್ಟವರು ಮಾಡುವ ತಪ್ಪಲ್ಲ, ನೋಡಿ. ಬಹಳ ಒಳ್ಳೆಯವರು ಮಾತ್ರ ಮಾಡುವಂಥ ತಪ್ಪು. ಇಷ್ಟು ವರ್ಷ ಊರಿನ ಎಲ್ಲ ಬಾಗಿಲುಗಳನ್ನೂ ತಿಳಿದಿದ್ದ ಹೆಂಗಸು ತನಗೆ ಅತಿ ಹತ್ತಿರದ ಬಾಗಿಲಲ್ಲೇ ಎಡವಿದಳು.

ಮರುದಿನ ಬಾಡಿಗೆಯ ಕಿರೀಟ ಬಂತು. ಹೊಳೆಯುತ್ತಿತ್ತೇನೋ ನಿಜ, ಕೈಗೆತ್ತಿಕೊಂಡರೆ ಹಪ್ಪಳದಷ್ಟು ಹಗುರ. ಬಜಾರಕ್ಕೆ ಸಾಹೇಬರ ಓಣಿಯೇ ಹತ್ತಿರದ ದಾರಿ. ಆದರೆ ಇವರು ಕಳ್ಳರ ಹಾಗೆ ಸ್ಟೇಷನ್ ಕಡೆಯಿಂದ ಸುತ್ತು ಹಾಕಿಕೊಂಡು ಹೋದರು. ಮೊದಲು ಹೋದದ್ದು ಅಶೋಕಕುಮಾರನ ಟೈಲ್ಸ್ ಅಂಗಡಿಗೆ. ಈಗಿನ ಬಜಾರದಲ್ಲಿ ನಾಲ್ಕು ಕಾಸು ಓಡಾಡುವುದೇ ಅಲ್ಲಿ.

“ಬರ್ರಿ ಅಕ್ಕಾ, ಕುಂದ್ರಿ,” ಎಂದ ಅಶೋಕಕುಮಾರ. ಗಲ್ಲೆಗೆ ಕೈ ಹಾಕಿಯೇ ಬಿಟ್ಟಿದ್ದ. ಗೊಲ್ಲಾಳಪ್ಪ ತಾಟಿನ ಮೇಲಿನ ಬಟ್ಟೆ ಸರಿಸಿದ. ಅಶೋಕಕುಮಾರನ ಕೈ ಅಲ್ಲೇ ನಿಂತಿತು.

“ಇದು ಅದಲ್ಲ.”

“ಹೊಸಾದ್ರಿ,” ಎಂದ ಗೊಲ್ಲಾಳಪ್ಪ.

“ಸಾಹೇಬ್ರು ಹಾಕ್ಯಾರೇನು?”

ಗೊಲ್ಲಾಳಪ್ಪ ಗಂಟಲು ಸರಿಮಾಡಿಕೊಂಡು, ಸಾಹೇಬರಿಗೆ ತೊಂದರೆ ಕೊಡಬಾರದೆಂದು, ಅವರ ಪರಿಸ್ಥಿತಿ ನಿಮಗೆ ಗೊತ್ತೇ ಇದೆಯಲ್ಲ ಎಂದು, ಏನೇನೋ ಹೇಳಿದ. ಅಶೋಕಕುಮಾರ ಪೂರಾ ಕೇಳಿ ಗಲ್ಲೆ ಮುಚ್ಚಿದ.

“ಅಕ್ಕಾ, ನಾ ಒಲ್ಲೆ ಅನ್ನಂಗಿಲ್ಲ. ಆದ್ರ ಅವರಕಿಂತ ಮುಂಚೆ ನಾ ಹಾಕಂಗಿಲ್ಲ. ನನ್ನ ಟೈಲ್ಸ್ ಬಂದ ಮ್ಯಾಲೇ ಅವರ ಧಂದಾ ನಿಂತ್ತು ಅಂತ ಊರು ಅನ್ಲಾಕತ್ತದ. ಈಗ ಅವರ ಮಾನಾನೂ ನಾನೇ ತಗೊಂಡೆ ಅಂತ ಅನಿಸಿಕೋಬೇಕೇನ್ರಿ?”

ಅಲ್ಲಿಂದ ಮುಂದೆ ಯಾವ ಅಂಗಡಿಗೆ ಹೋದರೂ ಅದೇ ಕಥೆ. ಬಟ್ಟೆ ಅಂಗಡಿಯವ ಕಿರೀಟ ನೋಡಿ ಮುಖ ತಿರುವಿದ. ಕಿರಾಣಿಯವ, “ಸಾಹೇಬ್ರೇ ಕೈ ಬಿಟ್ಟಾರಂದ್ರ ಸಂಘದಾಗ ಏನೋ ಗದ್ದಲ ಅದ,” ಎಂದು ಪಕ್ಕದವನ ಕಿವಿಯಲ್ಲಿ ಊದಿದ. ಒಲ್ಲದ ಗಂಡನಿಗೆ ಮೊಸರಿನಲ್ಲೂ ಕಲ್ಲು ಎನ್ನುತ್ತಾರಲ್ಲ, ಕೊಡಲು ಮನಸ್ಸಿಲ್ಲದವರಿಗೂ ಅಂದು ಒಳ್ಳೆಯ ನೆಪ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಸಾಹೇಬರಿಗೂ ಸಂಘಕ್ಕೂ ಜಗಳವಾಗಿದೆ ಎಂದು ಊರೇ ತೀರ್ಮಾನ ಮಾಡಿತ್ತು. ಗೊಲ್ಲಾಳಪ್ಪ ಸಿಟ್ಟಿನಿಂದ ಊರಿಗೆಲ್ಲ ಬೈದು, ಬೈದು ಸಾಕಾಗಿ, ಖಾಲಿ ತಾಟನ್ನು ಬಗಲಲ್ಲಿ ಹಿಡಿದು ಜಗದೇವಿಯ ಮನೆಯ ಜಗುಲಿಯ ಮೇಲೆ ಕೂತ.

ಅವನು ಕೂತಿದ್ದಾಗಲೇ ಅಖ್ತರ ಬೇಗಂ ಬಂದರು. ಬುರ್ಖಾದ ಮುಸುಕು ಸರಿಸಿ ಹೊಸ್ತಿಲಲ್ಲೇ ನಿಂತರು.

“ಬರ್ರಿ ಆಪಾ, ಒಳಗ ಬರ್ರಿ,” ಎಂದು ಜಗದೇವಿ ಗಾಬರಿಯಾಗಿ ಎದ್ದಳು.

“ಬರಂಗಿಲ್ಲ. ನೀವು ನಮ್ಮ ಮನಿಗಿ ಬಂದಿಲ್ಲ, ನಾ ಯಾಕ ನಿಮ್ಮ ಮನ್ಯಾಗ ಬರ್ಲಿ?” ಎಂದವರೇ ಒಳಗೆ ಬಂದು ಕೂತು, ಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದರು. ಬಿಸಿಲಿನಲ್ಲಿ ನಡೆದು ಬಂದಿದ್ದರು.

“ಹುಣಸಿಹಣ್ಣ ಹಚ್ಚಿ ಕಿರೀಟ ತಿಕ್ಕಿಟ್ಟು ವಾರ ಆಯ್ತು ಜಗದೇವಿ. ನಮ್ಮ ಸಾಹೇಬ್ರು ದಿನಾ ಮುಂಜಾನಿ ಶೇರ್ವಾನಿ ಹಾಕ್ಕೊಂಡು ಕಟ್ಟಿ ಮ್ಯಾಲ ಕುಂದರ್ತಾರ. ಯಾರರೆ ಬರೋರದಾರೇನ್ರಿ ಅಂದ್ರ, ‘ಇಲ್ಲ, ಗಾಳಿಗಿ ಕುಂತೀನಿ’ ಅಂತಾರ. ಶೇರ್ವಾನಿ ಹಾಕ್ಕೊಂಡು ಗಾಳಿಗಿ ಯಾರ್ ಕುಂದರ್ತಾರ, ಹೇಳು?”

ಗೊಲ್ಲಾಳಪ್ಪ ಬಾಗಿಲಿಗೆ ಬಂದು ನಿಂತ. ಸಮಾಧಾನದ ಮಾತು ಹೇಳೋಣವೆಂದು, “ಅವರದೇನು ಬಿಡ್ರಿ ಅಮ್ಮಾ, ಆನಿ ಇದ್ರೂ ಸಾವಿರ, ಸತ್ರೂ ಸಾವಿರ,” ಎಂದ.

“ಆನಿಗಿ ಯಾಕ ಸಾಯಿಸ್ತೀರೋ? ಆನಿ ಜೀವಂತ ಅದ!” ಎಂದು ಬೇಗಂ ಅವನ ಮೇಲೆ ಹರಿಹಾಯ್ದರು. ಆಮೇಲೆ ದನಿ ಕುಗ್ಗಿತು. “ಬಾಡಿಗಿ ಕಿರೀಟ ಹಿಡ್ಕೊಂಡು ನೀವು ಬಜಾರದಾಗ ತಿರುಗಾಡಿದ ಸುದ್ದಿ ಬಂತು. ಶೇರ್ವಾನಿ ತಗದು ಗೂಟಕ್ಕ ಹಾಕಿದ್ರು. ಮಷೀನು ಮಾರಿದ ದಿನಾನೂ ಉಂಡ ಮನಷ್ಯಾ ಅವರು. ಇವತ್ತು ಉಂಡಿಲ್ಲ.”

ಜಗದೇವಿ ಮುಖ ಮುಚ್ಚಿಕೊಂಡಳು. ಕನಿಕರ ಎಂದುಕೊಂಡು ತಾನು ಮಾಡಿದ್ದು ಏನೆಂದು ಆಗ ಅವಳಿಗೆ ತಿಳಿಯಿತು. ಅತ್ತು ಕೂರುವ ಹೊತ್ತಲ್ಲವೆಂದೂ ತಿಳಿಯಿತು. ಚಪ್ಪಲಿ ಮೆಟ್ಟಿ, “ನಡೀರಿ ಆಪಾ,” ಎಂದಳು.

ಸಾಹೇಬರು ಕಟ್ಟೆಯ ಮೇಲೆ ಬನಿಯನ್ನು, ಲುಂಗಿಯಲ್ಲಿ ಕೂತಿದ್ದರು. ಇವರನ್ನು ಕಂಡರೂ ಏಳಲಿಲ್ಲ. ಕಲ್ಲಿನ ಧೂಳಿನಲ್ಲಿ ಬಾಳಿದ ಮನುಷ್ಯ, ರೆಪ್ಪೆಗಳೂ ಬಿಳಿ.

“ಯಾರು ಬಂದೋರು? ದಾರಿ ತಪ್ಪಿ ಬಂದೀರೇನು? ಸ್ಟೇಷನ್ ಕಡಿಂದ ಸುತ್ತು ಹಾಕೋ ರಸ್ತಾ ನಿಮಗ ಗೊತ್ತದ ಅಲ್ಲ.”

“ತಪ್ಪಾಯ್ತ್ರಿ ಸಾಹೇಬ್ರ,” ಎಂದಳು ಜಗದೇವಿ. “ನಿಮಗ ತ್ರಾಸ ಆಗಬಾರ್ದು ಅಂತ…”

“ಮಷೀನು ನಿಂತಾವ ತಂಗಿ, ನಾ ನಿಂತಿಲ್ಲ!” ಸಾಹೇಬರ ದನಿ ಓಣಿಗೆಲ್ಲ ಕೇಳಿತು. ಎದುರುಮನೆಯ ಕಿಟಕಿ ತೆರೆಯಿತು. “ನೀ ಬಂದು ಕೇಳಬೇಕಾಗಿತ್ತು. ನಾ ಇಲ್ಲ ಅಂತಿದ್ದೆನೋ, ಅದ ಅಂತಿದ್ದೆನೋ, ಅದು ನನ್ನ ಮಾತು. ನನ್ನ ಬದಲಿ ನೀನೇ ಇಲ್ಲ ಅಂದುಬಿಟ್ಟಿಯಲ್ಲ. ಇಷ್ಟ್ ವರ್ಷದಾಗ ನನಗ ಯಾರೂ ಇಷ್ಟು ಬಡವ ಮಾಡಿದ್ದಿಲ್ಲ.”

ಗೊಲ್ಲಾಳಪ್ಪ ತಲೆ ತಗ್ಗಿಸಿದ. ಜಗದೇವಿ ಮಾತ್ರ ತಲೆ ತಗ್ಗಿಸಲಿಲ್ಲ. ಅವಳನ್ನು ಮೆಚ್ಚಬೇಕಾದ್ದು ಇಲ್ಲಿಯೇ. ಇನ್ನೊಬ್ಬರಾಗಿದ್ದರೆ ಕ್ಷಮೆ ಕೇಳುತ್ತ ಕಾಲ ಕಳೆಯುತ್ತಿದ್ದರು. ಅವಳು ತಿರುಗಿ ಅಂಗಳದ ಹೊರಗೆ ಹೋದಳು. ಓಣಿಯಲ್ಲಿ ನಿಂತು ಸೀರೆ ಸರಿಮಾಡಿಕೊಂಡು, ಆಗತಾನೇ ಬಂದವಳ ಹಾಗೆ ಮತ್ತೆ ಒಳಗೆ ಬಂದು, ಹೊಸ್ತಿಲ ಮುಂದೆ ಸೆರಗೊಡ್ಡಿ ನಿಂತಳು. ಪ್ರತಿವರ್ಷ ಆಡುತ್ತಿದ್ದ ಅದೇ ಮಾತು ಆಡಿದಳು.

“ಸಾಹೇಬ್ರ, ನಾಟಕ ಅದ. ಅದರಾಗ ನಿಮ್ಮ ಪಾಲೂ ಅದ.”

ಆಮೇಲೆ ತುಟಿ ಎರಡು ಮಾಡಲಿಲ್ಲ. ಸಾಹೇಬರು ಅವಳನ್ನು ನೋಡಿದರು, ಅಂಗಳದ ಫರ್ಸಿ ನೋಡಿದರು, ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಮೈಮೇಲೆ ಶೇರ್ವಾನಿಯಿತ್ತು, ಕೈಯಲ್ಲಿ ತಾಟಿತ್ತು. ತಾಟಿನಲ್ಲಿ ಕಿರೀಟ ಬಿಟ್ಟು ಬೇರೇನೂ ಇರಲಿಲ್ಲ. ಅಖ್ತರ ಬೇಗಂ ಅವರ ಬಲಗೈ ತಾನಾಗಿ ಎಡಗೈಯ ಬಳೆಗೆ ಹೋಯಿತು.

“ಬೇಗಂ, ಕೈ ತೆಳಗ ಬಿಡು,” ಎಂದರು ಸಾಹೇಬರು. “ಖಾಲಿ ತಾಟು ಹೋಗಬಾರ್ದು ಅಂತ ಅಬ್ಬಾ ಹೇಳ್ಯಾರ. ಖಾಲಿ ಹೋಗಂಗಿಲ್ಲ. ತಾಟಿನ ಜೋಡಿ ನಾ ಹೋಗ್ತೀನಿ.”

“ಎಲ್ಲಿಗ್ರಿ?” ಎಂದ ಗೊಲ್ಲಾಳಪ್ಪ.

“ಬಜಾರಕ್ಕ. ಓಣಿ ಓಣಿಗಿ. ಕೇಳಾಕ.”

ಗೊಲ್ಲಾಳಪ್ಪನ ಕಣ್ಣಲ್ಲಿ ನೀರು ಬಂತು. “ಬ್ಯಾಡ್ರಿ ಸಾಹೇಬ್ರ, ನಿಮ್ಮಂಥೋರು ಮಂದಿ ಬಾಗಿಲದಾಗ…”

“ಯಾಕೋ? ಜಗದೇವಿ ಹೋಗ್ಲಿಕ್ಕ ಆಗ್ತದ, ನಾ ಹೋಗಬಾರ್ದೇನು? ಆಕಿ ಮಾಡೋದು ಸಣ್ಣ ಕೆಲಸ ಅಂತ ತಿಳ್ಕೊಂಡಿ ಏನು?” ಎಂದು ಗದರಿಸಿ, ಜಗದೇವಿಯ ಕಡೆ ತಿರುಗಿದರು. “ಕೊಡೋದು ನನಗ ಬರ್ತದ ತಂಗಿ. ಕೇಳೋದು ಬರಂಗಿಲ್ಲ. ನೀ ಕಲಸು.”

ಹೀಗೆ ಆ ಸಂಜೆ ಕಟ್ಟೆಯ ಮೇಲೆ ಪಾಠ ನಡೆಯಿತು. ಊಟವೂ ಅಲ್ಲೇ, ಬೇಗಂ ಎದುರಿಗೆ ಕೂತು ರೊಟ್ಟಿ ಮುರಿದು ಬಡಿಸುತ್ತಿದ್ದರು. “ಕಷ್ಟ ಹೇಳಬ್ಯಾಡ್ರಿ,” ಎಂದಳು ಜಗದೇವಿ. “ಕಷ್ಟ ಎಲ್ಲಾರ ಮನ್ಯಾಗೂ ಅದ. ಕೊಡ್ರಿ ಅಂತನೂ ಅನಬ್ಯಾಡ್ರಿ. ಪಾಲು ಅದ ಅನ್ರಿ. ಅಂದ ಮ್ಯಾಲ ಸುಮ್ನ ನಿಂದರ್ರಿ. ಆ ಸುಮ್ನಿರೋದೇ ಭಾಳ ಕಠಿಣ. ಅವರು ಬಾಯಿ ಬಿಡೋತನಕ ನೀವು ಬಿಡಬಾರ್ದು.”

ಸಾಹೇಬರು ಬೇಗಂ ಅವರ ಮುಂದೆ ತಾಟು ಹಿಡಿದು, ತಮ್ಮ ಕಲ್ಲಿನ ಖಣಿಯ ಆಳಿಗೆ ಕೂಗುವ ದನಿಯಲ್ಲಿ, “ನಾಟಕ ಅದ!” ಎಂದರು.

“ಯಾ ಅಲ್ಲಾ! ಹಿಂಗ ಅಂದ್ರ ಜನ ಊರು ಬಿಟ್ಟು ಓಡ್ತಾರ,” ಎಂದರು ಬೇಗಂ. ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು. ಆದರೆ ಅವರು ತಾಟನ್ನು ಕೊಡುವವರ ಹಾಗೆಯೇ ಹಿಡಿದಿದ್ದನ್ನು ಜಗದೇವಿ ಕಂಡಳು. ಕೊಟ್ಟೇ ಅಭ್ಯಾಸವಾದ ಕೈ ಅದು, ಅಂಗೈ ಮೇಲೆ ಮಾಡುವುದು ಅದಕ್ಕೆ ಗೊತ್ತಿರಲಿಲ್ಲ.

ಬೆಳಿಗ್ಗೆ ಹೊರಟಾಗ ಮೊದಲು ಯಾವ ಬಾಗಿಲಿಗೆ ಎಂದು ಮಾತು ಬಂತು. ಪರಿಚಯದ ಕಿರಾಣಿ ಅಂಗಡಿಯಿಂದ ಶುರುಮಾಡೋಣವೆಂದಳು ಜಗದೇವಿ. ಸಾಹೇಬರು ಒಪ್ಪಲಿಲ್ಲ. “ಅಶೋಕಕುಮಾರನ ಅಂಗಡಿಗಿ. ಕಠಿಣ ಬಾಗಿಲು ಮೊದಲು ಮುಗಿಸಮ್,” ಎಂದರು.

ಬಜಾರದಲ್ಲಿ ಶೇರ್ವಾನಿಯ ಮಜೀದ ಸಾಹೇಬರು ತಾಟು ಹಿಡಿದು ನಡೆದರೆ ಹೇಗಿರುತ್ತದೆ? ತಕ್ಕಡಿ ಹಿಡಿದವರ ತಕ್ಕಡಿ ನಿಂತವು. ಚಹಾದ ಅಂಗಡಿಯಲ್ಲಿದ್ದವರು ಲೋಟ ಹಿಡಿದುಕೊಂಡೇ ಹೊರಗೆ ಬಂದರು. ಸಾಹೇಬರು ಎಡಬಲ ನೋಡದೆ ನಡೆದರು. ಮೊಣಕಾಲು ನೋವಿನ ಮನುಷ್ಯ, ಒಮ್ಮೆಯೂ ನಿಲ್ಲಲಿಲ್ಲ.

ಟೈಲ್ಸ್ ಅಂಗಡಿಯ ಒಳಗೆಲ್ಲ ಕನ್ನಡಿಯಂಥ ಟೈಲ್ಸ್. ಹೊರಗಿನ ಮೆಟ್ಟಿಲು ಮಾತ್ರ ಶಹಾಬಾದಿ ಫರ್ಸಿ, ಮಳೆಗಾಲದಲ್ಲಿ ಗಿರಾಕಿಗಳು ಜಾರಬಾರದೆಂದು. ಸಾಹೇಬರು ಕಾಲಡಿ ನೋಡಿದರು. ತಮ್ಮ ಖಣಿಯ ಕಲ್ಲು ಅವರಿಗೆ ಗುರುತು ಸಿಗದೆ ಇರುತ್ತದೆಯೇ? ಒಳಗಿನಿಂದ ಅಶೋಕಕುಮಾರ ಎದ್ದು ಬಾಗಿಲಿಗೆ ಬಂದ. ಹಿಂದೆ ಅರ್ಧ ಬಜಾರವೇ ನೆರೆದಿತ್ತು.

ಸಾಹೇಬರು ತಾಟು ಮುಂದೆ ಚಾಚಿದರು. ಬಾಯಿ ತೆರೆದರು. ಮಾತು ಹೊರಡಲಿಲ್ಲ.

ಕಿವಿ ಕೆಂಪಾಯಿತು. ಗೊಲ್ಲಾಳಪ್ಪ ಮುಂದೆ ಹೋಗಲು ಕಾಲೆತ್ತಿದ, ಜಗದೇವಿ ಅವನ ಅಂಗಿ ಹಿಡಿದು ನಿಲ್ಲಿಸಿದಳು. ಪಾತ್ರಧಾರಿ ಮಾತು ಮರೆತನೆಂದು ಇನ್ನೊಬ್ಬ ಪಾತ್ರಧಾರಿಯನ್ನು ರಂಗಕ್ಕೆ ನುಗ್ಗಿಸುವುದುಂಟೇ? ಅವಳು ಸಾಹೇಬರ ಬೆನ್ನ ಹಿಂದೆ ಸರಿದು ನಿಂತು, ಪರದೆಯ ಹಿಂದೆ ಮಾಡುವ ಹಾಗೆ, ಅವರೊಬ್ಬರಿಗೇ ಕೇಳುವಷ್ಟು ಮೆಲ್ಲಗೆ ಎತ್ತಿಕೊಟ್ಟಳು: “ನಾಟಕ ಅದ…”

“ನಾಟಕ ಅದ,” ಎಂದರು ಸಾಹೇಬರು.

“ಅದರಾಗ ನಿಮ್ಮ…”

“ಅದರಾಗ ನಿಮ್ಮ ಪಾಲೂ ಅದ.”

ಆಮೇಲೆ ಸುಮ್ಮನಾದರು. ಕಠಿಣವಾದ ಆ ಸುಮ್ಮನಿರುವಿಕೆಯನ್ನು ಅವರು ಚೆನ್ನಾಗಿಯೇ ಕಲಿತಿದ್ದರು. ಅಶೋಕಕುಮಾರ ಗೊಂದಲದಲ್ಲಿ ಏನು ಮಾತಾಡುವುದೆಂದು ತಿಳಿಯದೆ, ಬಜಾರದ ರೂಢಿಯ ಮಾತನ್ನೇ ಆಡಿಬಿಟ್ಟ.

“ಸಾಹೇಬ್ರ, ನಿಮ್ಮದು… ನಿಮ್ಮದು ಹಾಕೀರಿಲ್ಲರಿ?”

ಆಡಿದವನೇ ನಾಲಿಗೆ ಕಚ್ಚಿಕೊಂಡ. ಇದಕ್ಕೆ ಎತ್ತಿಕೊಡಲು ಜಗದೇವಿಯ ಬಳಿ ಮಾತಿರಲಿಲ್ಲ. ಇದು ಪಾಠದಲ್ಲಿ ಬಂದದ್ದಲ್ಲ.

ಸಾಹೇಬರು ತಾಟಿನ ಮೇಲಿನ ಬಟ್ಟೆಯನ್ನು ತಾವೇ ತೆಗೆದರು. ಬರಿಯ ಹಿತ್ತಾಳೆಯ ಮೇಲೆ ಹಳೆಯ ಕಿರೀಟ ಕೂತಿತ್ತು.

“ನಂದು ನಿನ್ನ ಮುಂದ ನಿಂತದ ನೋಡಪ್ಪಾ,” ಎಂದರು.

ಅಶೋಕಕುಮಾರ ಚಪ್ಪಲಿ ಕಳಚಿದ. ಮೆಟ್ಟಿಲಿಳಿದು ಬಂದು ಸಾಹೇಬರಿಗಿಂತ ಕೆಳಗಿನ ಮೆಟ್ಟಿಲಲ್ಲಿ ನಿಂತು, ತಾಟನ್ನು ಹಣೆಗೆ ಒತ್ತಿಕೊಂಡ. ಆಮೇಲೆ ಕಿರೀಟವನ್ನು ತುಸು ಎತ್ತಿ ಅದರ ಕೆಳಗೆ ತನ್ನ ಕಾಣಿಕೆ ಇಟ್ಟ. ಎಷ್ಟೆಂದು ಯಾರೂ ನೋಡಲಿಲ್ಲ. ಸಾಹೇಬರು “ಶುಕ್ರಿಯಾ,” ಎಂದರು. ಎಷ್ಟೋ ಜನರಿಂದ ಆ ಮಾತು ಕೇಳಿದ್ದವರು, ತಾಟಿನ ಈ ಕಡೆ ನಿಂತು ಅದನ್ನು ಹೇಳಿದ್ದು ಅದೇ ಮೊದಲು. ಹೊರಡುವ ಮುಂಚೆ ಬಲಗಾಲಿನಿಂದ ಮೆಟ್ಟಿಲು ಒತ್ತಿ ನೋಡಿ, “ಈ ಕಲ್ಲು ಅಲ್ಲಾಡ್ಲಿಕತ್ತದ. ನಾಳಿಗಿ ಮಿಸ್ತ್ರಿಗಿ ಕಳಸ್ತೀನಿ, ಕೂಡಿಸಿಕೊಡ್ತಾನ. ರೊಕ್ಕ ಕೇಳಬ್ಯಾಡ ಅಂತ ಹೇಳಿರ್ತೀನಿ,” ಎಂದರು. ಕೊಡುವ ಕೈ ಎಷ್ಟು ಹೊತ್ತು ಸುಮ್ಮನಿದ್ದೀತು, ಹೇಳಿ!

ಆಮೇಲೆ ಬಜಾರವನ್ನು ಕೇಳಬೇಕಾಗಲೇ ಇಲ್ಲ. ನಿನ್ನೆ ಮುಖ ತಿರುವಿದ ಬಟ್ಟೆ ಅಂಗಡಿಯವ ಇಂದು ಎದುರಿಗೆ ಓಡಿ ಬಂದ. ಗದ್ದಲವಿದೆ ಎಂದು ಕಿವಿ ಊದಿದ್ದ ಕಿರಾಣಿಯವ ಎಲ್ಲರಿಗಿಂತ ಜೋರಾಗಿ ಸಲಾಂ ಹೊಡೆದ. ಆದರೆ ಸಾಹೇಬರು ಬಜಾರಕ್ಕೇ ನಿಲ್ಲಲಿಲ್ಲ. ಇಷ್ಟು ವರ್ಷ ಜಗದೇವಿಯೂ ಹೋಗದಿದ್ದ ಓಣಿಗಳಿಗೆ ಹೋದರು. ತಮ್ಮಲ್ಲಿ ಕೆಲಸ ಮಾಡಿ, ಕೆಲಸ ಹೋಗಿ, ಈಗ ಅಲ್ಲಿ ಇಲ್ಲಿ ಕೂಲಿ ಮಾಡುತ್ತಿದ್ದ ಕಲ್ಲಿನವರ ಮನೆಗಳಿಗೂ ಹೋದರು. “ಅವರ ಬಲ್ಲಿ ಏನದ ಅಂತ ಕೇಳ್ತೀರಿ?” ಎಂದು ಗೊಲ್ಲಾಳಪ್ಪ ಬಾಯಿ ತೆರೆದ. ಸಾಹೇಬರು ತಿರುಗಿ ನೋಡಿದ್ದೇ ತಡ, ಬಾಯಿ ಮುಚ್ಚಿದ. ಕೇಳದೆ ಬಿಡುವುದೆಂದರೆ ಏನೆಂದು ಅವನಿಗೂ ಈಗ ಗೊತ್ತಾಗಿತ್ತು. ಕಾಯಿಪಲ್ಲೆ ಮಾರುವ ಮಾಸುಮಬಿ, “ನನಗ ಇಷ್ಟ್ ದಿನಾ 'ನಿಂದೂ ಪಾಲು ಅದ' ಅಂತ ಯಾರೂ ಅಂದಿದ್ದಿಲ್ಲ,” ಎಂದು ಬುಟ್ಟಿಯ ಕೆಳಗಿನ ಚಿಲ್ಲರೆ ತೆಗೆದು ಹಾಕಿ, ಮೇಲೊಂದು ನಿಂಬೆಹಣ್ಣನ್ನೂ ಇಟ್ಟಳು.

ನಾಟಕದ ಸಂಜೆ ಬಂತು. ವಾಡಿಯವರು ಬಂದರು, ಚಿತ್ತಾಪುರದವರು ಬಂದರು. ಚಿಂಚೋಳಿಗೆ ಕೊಟ್ಟಿದ್ದ ಸಾಹೇಬರ ಮಗಳು ಫರಹತ ಮಕ್ಕಳನ್ನು ಕಟ್ಟಿಕೊಂಡು ಬಂದು ತಾಯಿಯ ಪಕ್ಕ ಕೂತಳು. ಒಳಗೆ ಗೊಲ್ಲಾಳಪ್ಪ ಹಳೆಯ ಕಿರೀಟ ತೊಟ್ಟು ಮೀಸೆ ತಿರುವುತ್ತಿದ್ದ. ಜಗದೇವಿ ಪರದೆಯ ಸೀಳಿನಿಂದ ಇಣುಕಿದಳು. ಕೂರಲು ಜಾಗವಿರಲಿಲ್ಲ, ಜನ ಕಾಂಪೌಂಡು ಗೋಡೆ ಹತ್ತಿದ್ದರು. ಆದರೆ ಮುಂದಿನ ಸಾಲಿನಲ್ಲಿ, ಬಿಳಿ ಬಟ್ಟೆ ಹೊದಿಸಿದ್ದ ಸಾಹೇಬರ ಕುರ್ಚಿ ಖಾಲಿಯಿತ್ತು.

ಪರದೆ ಏಳುವ ಮುಂಚೆ ಆಯೇರಿ ಕೂಗುವುದು ಪದ್ಧತಿ: ಇಂಥವರು ನಾಟಕಕ್ಕೆ ಇಂತಿಷ್ಟು ಕೊಟ್ಟಿದ್ದಾರೆ ಎಂದು ಮೈಕಿನಲ್ಲಿ ಸಾರುವುದು. ಮೊದಲನೆಯ ಹೆಸರು ಯಾವಾಗಲೂ ಅಬ್ದುಲ್ ಮಜೀದ ಸಾಹೇಬರದು. ಈ ಸಲ ಹೆಸರಿನ ಮುಂದೆ ಹೇಳಲು ಮೊತ್ತವಿಲ್ಲ. ಆ ನಾಚಿಕೆಗೇ ಮನುಷ್ಯ ಬಂದಿಲ್ಲವೋ ಏನೋ, ಊರಿಡೀ ಸುತ್ತಿ ತಂದವರು ತಮ್ಮ ಕುರ್ಚಿಯಲ್ಲಿ ಕೂರಲು ಹಿಂಜರಿದರೋ ಏನೋ ಎಂದು ಅವಳಿಗೆ ಅಳು ಬಂತು. ಹಾಗೇನಾದರೂ ಆಗಿದ್ದರೆ ನಾಟಕ ಗೆದ್ದೂ ಸೋತ ಹಾಗೆ. ಆದರೆ ಅಳು ನುಂಗಿಕೊಂಡು ಪರದೆಯ ಮುಂದೆ ಬಂದು ಮೈಕು ಹಿಡಿದಳು.

“ಮೊದಲನೇ ಆಯೇರಿ, ಪ್ರತಿವರ್ಷದಂಗ, ಅಬ್ದುಲ್ ಮಜೀದ ಸಾಹೇಬ್ರದು.”

ಎಷ್ಟು ಎಂದು ಕೇಳಲು ಇಡೀ ಊರು ಕಿವಿಗೊಟ್ಟಿತು. ಅಖ್ತರ ಬೇಗಂ ತಲೆ ತಗ್ಗಿಸಿದ್ದನ್ನು ಜಗದೇವಿ ಕಂಡಳು.

“ಇಷ್ಟು ವರ್ಷ ಅವರು ನಾಟಕಕ್ಕ ಕೈಯಿಂದ ಕೊಟ್ಟಿದ್ರು,” ಎಂದಳು. “ಈ ವರ್ಷ ತಮ್ಮ ಕಾಲೇ ಕೊಟ್ಟಾರ.”

ಆಮೇಲೆ ಚಪ್ಪಾಳೆ ಎಲ್ಲಿಂದ ಶುರುವಾಯಿತೋ ತಿಳಿಯದು. ಕಲ್ಲಿನವರ ಸಾಲಿನಿಂದಲೋ, ಗೋಡೆಯ ಮೇಲಿನಿಂದಲೋ, ಹೆಂಗಸರ ಕಡೆಯಿಂದಲೋ. ಅಶೋಕಕುಮಾರ ಎದ್ದು ನಿಂತ. ಎಲ್ಲರೂ ಖಾಲಿ ಕುರ್ಚಿಯ ಕಡೆ ನೋಡಿ, ಸಾಹೇಬರೆಲ್ಲಿ ಎಂದು ಅತ್ತಿತ್ತ ಹುಡುಕಿದರು. ಚಪ್ಪಾಳೆ ಇಳಿದ ಮೇಲೆ, ದೂರ ಗೇಟಿನ ಕಡೆಯಿಂದ ಖಣಿಯಲ್ಲಿ ಪಳಗಿದ ಗಟ್ಟಿ ದನಿಯೊಂದು ಕೇಳಿತು. ತಡವಾಗಿ ಬಂದ ಜನರನ್ನು ತಡೆದು ನಿಲ್ಲಿಸಿ, ಕಿರೀಟವಿಲ್ಲದ ಬರಿಯ ತಾಟು ಚಾಚಿ ನಿಂತಿತ್ತು ಆ ಶೇರ್ವಾನಿ.

“ನಾಟಕ ಅದ…”

ರೂಢಿಯಂತೆ ಜಗದೇವಿಯ ತುಟಿ ತಾನಾಗಿ ಮುಂದಿನ ಮಾತು ಎತ್ತಿಕೊಡಲು ಅಲ್ಲಾಡಿತು. ಬೇಕಾಗಲಿಲ್ಲ.

“…ಅದರಾಗ ನಿಮ್ಮ ಪಾಲೂ ಅದ.”

ಆಮೇಲೆ ಅವರು ಸುಮ್ಮನೆ ನಿಂತರು. ತಾಟಿನಲ್ಲಿ ಚಿಲ್ಲರೆ ಬಿದ್ದ ಸದ್ದು ವೇದಿಕೆಯವರೆಗೂ ಕೇಳಿಸಿತು. ಜಗದೇವಿ ಸೆರಗಿನಿಂದ ಕಣ್ಣೊರೆಸಿಕೊಂಡು, ಒಳಗೆ ಹೋಗಿ ಪರದೆ ಏಳುವ ಗಂಟೆ ಬಾರಿಸಿದಳು.